ನೇಪಾಳಕ್ಕೆ ಹೊರಟಿರುವಿರಾ?

“ನೇಪಾಳಕ್ಕೆ ಹೋಗಲು ಪಾಸ್‌ಪೋರ್ಟು ಬೇಕಿಲ್ಲ.” ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಈ ಒಂದೇ ಮಾತನ್ನು ನೆಚ್ಚಿ 2022 ರ ದಸರೆಯಲ್ಲಿ ನಾನು ನನ್ನ ತಾಯಿಯನ್ನು ದೆಹಲಿಯ ವಿಮಾನ ನಿಲ್ದಾಣದವರೆಗೆ ಕರೆದೊಯ್ದು, ಅಲ್ಲಿಂದಲೇ ಬಾಗಲಕೋಟೆಗೆ ಹಿಂದಕ್ಕೆ ಕರೆತಂದೆ. ಪಶುಪತಿನಾಥನನ್ನು ಒಮ್ಮೆ ಕಣ್ತುಂಬ ನೋಡಬೇಕೆಂದು ಆಕೆ ಇಪ್ಪತ್ತು ವರ್ಷಗಳಿಂದ ಹಂಬಲಿಸಿದ್ದಳು.

ವಿದ್ಯಾಗಿರಿಯಲ್ಲಿ ನೆಲೆಸಿರುವ ನಮ್ಮಂಥ ಅಧ್ಯಾಪಕರ, ವೈದ್ಯರ, ನೌಕರರ ಮನೆಗಳಲ್ಲಿ ಪರದೇಶ ಪ್ರವಾಸವೆಂಬುದು ಈಗ ಅಪರೂಪದ ಮಾತಲ್ಲ. ಮಗನೋ ಮಗಳೋ ಅಮೆರಿಕೆಯಲ್ಲಿದ್ದರೆ ತಂದೆತಾಯಿಗಳು ಆರು ತಿಂಗಳು ಮೊದಲಿನಿಂದಲೇ ಸಿದ್ಧರಾಗುತ್ತಾರೆ. ಬ್ಯಾಂಕಿನ ಪುಸ್ತಕ, ಮನೆಯ ಉತಾರ, ಔಷಧದ ಚೀಟಿ ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿ, ಆ ಚೀಲವನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಾರೆ. ನೇಪಾಳಕ್ಕೆ ಮಾತ್ರ ಕಾಶಿಗೆ ಹೊರಟಂತೆ ಹೊರಟುಬಿಡುತ್ತಾರೆ. ಕಾಶಿಯಿಂದ ಅದೇನು ದೂರ, ಅಲ್ಲಿಯೂ ಶಿವನ ಗುಡಿ, ಅಲ್ಲಿಯೂ ದಸರೆ, ಅಲ್ಲಿಯೂ ರೂಪಾಯಿ ಎಂಬ ಸಲಿಗೆ. ಇಷ್ಟು ಹತ್ತಿರದ ಪರದೇಶ ನಮಗೆ ಬೇರೊಂದಿಲ್ಲ; ಪರದೇಶವೆಂಬುದನ್ನೇ ಮರೆಯಿಸುವಷ್ಟು ಹತ್ತಿರ. ತೊಂದರೆಯ ಮೂಲವೂ ಅಲ್ಲಿಯೇ ಇದೆ.

1950 ರ ಜುಲೈ 31 ರಂದು ಎರಡು ದೇಶಗಳ ನಡುವೆ ಆದ ಶಾಂತಿ ಮತ್ತು ಸ್ನೇಹದ ಒಪ್ಪಂದದ ಫಲವಾಗಿ ಭಾರತೀಯನಿಗೆ ನೇಪಾಳದಲ್ಲಿ ವೀಸಾ ಎಂಬುದಿಲ್ಲ. ಗೋರಖಪುರಕ್ಕೆ ರೈಲಿನಲ್ಲಿ ಹೋಗಿ, ಅಲ್ಲಿಂದ ಸುನೌಲಿಯ ಗಡಿಗೆ ಬಸ್ಸು ಹಿಡಿದು, ಚೀಲ ಹೆಗಲಿಗೇರಿಸಿ ಕಮಾನು ದಾಟಿದರೆ ನೀವು ನೇಪಾಳದಲ್ಲಿರುತ್ತೀರಿ. ಬಹಳ ಸಲ ಯಾರೂ ನಿಮ್ಮನ್ನು ತಡೆದು ಕೇಳುವುದೂ ಇಲ್ಲ. ನನ್ನ ಮಿತ್ರರೊಬ್ಬರು ಹಾಗೆಯೇ ಹೋಗಿ ಹಾಗೆಯೇ ಬಂದವರು. “ಏನೂ ಕೇಳಂಗಿಲ್ಲ ಬಿಡ್ರಿ, ಆಧಾರ ಕಾರ್ಡ್ ಇದ್ರ ಸಾಕು” ಎಂದು ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಅವರು ನಡೆದು ದಾಟಿದವರು, ನಾವು ಹಾರಿ ಹೋಗಬೇಕೆಂದವರು. ತಾಯಿಗೆ ಮೊಣಕಾಲು ನೋವು. ಗೋರಖಪುರದಿಂದ ಬೆಟ್ಟದ ದಾರಿಯಲ್ಲಿ ಬಸ್ಸಿನ ಪ್ರಯಾಣ ಬೇಡವೆಂದು ದೆಹಲಿಯಿಂದ ವಿಮಾನಕ್ಕೆ ಟಿಕೆಟ್ಟು ತೆಗೆಸಿದ್ದೆ.

ಹುಬ್ಬಳ್ಳಿಯಿಂದ ಎರಡು ರಾತ್ರಿ ರೈಲು. ಮೂರನೆಯ ದಿನ ಬೆಳಗಿನ ಜಾವ ವಿಮಾನ ನಿಲ್ದಾಣದಲ್ಲಿ ನಿಂತೆವು: ನಾನು, ನನ್ನ ಹೆಂಡತಿ, ಅವ್ವ. ಅವ್ವ ಉಟ್ಟದ್ದು ಹೊಸ ಇಳಕಲ್ಲ ಸೀರೆ. ನನ್ನದೂ ಹೆಂಡತಿಯದೂ ಮತದಾರರ ಗುರುತಿನ ಚೀಟಿ, ಅದರಲ್ಲಿ ಅಡ್ಡಿಯಾಗಲಿಲ್ಲ. ಅವ್ವನ ಆಧಾರ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ ಆ ತರುಣಿ, “ಮಾತಾಜಿಗೆ ಅರವತ್ತೈದು ಆಗಿಲ್ಲ” ಎಂದಳು.

ನಿಯಮ ಹೀಗಿದೆ. ವಿಮಾನದಲ್ಲಿ ನೇಪಾಳಕ್ಕೆ ಹೋಗತಕ್ಕ ಭಾರತೀಯನಲ್ಲಿ ಪಾಸ್‌ಪೋರ್ಟು ಇರಬೇಕು, ಇಲ್ಲವೇ ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತಿನ ಚೀಟಿ ಇರಬೇಕು. ಹದಿನೈದಕ್ಕಿಂತ ಕಿರಿಯರು ಮತ್ತು ಅರವತ್ತೈದಕ್ಕಿಂತ ಹಿರಿಯರು ಮಾತ್ರ ವಯಸ್ಸನ್ನೂ ಗುರುತನ್ನೂ ತೋರಿಸುವ ಬೇರೆ ಚೀಟಿಯಿಂದ ಹೋಗಬಹುದು; ಅವರಿಗೆ ಆಧಾರವೂ ನಡೆಯುತ್ತದೆಂದು ಕೇಂದ್ರ ಸರಕಾರ 2019 ರಲ್ಲಿ ತಿಳಿಸಿತು. ನಡುವಿನ ವಯಸ್ಸಿನವರಿಗೆ ಆಧಾರ ನಡೆಯದು, ವಾಹನ ಚಾಲನೆಯ ಪರವಾನಿಗೆಯೂ ನಡೆಯದು. ಹದಿನೈದರಿಂದ ಹದಿನೆಂಟರೊಳಗಿನ ಹುಡುಗ ಹುಡುಗಿಯರಿಗೆ ಮತದಾನದ ಚೀಟಿ ಇರುವುದಿಲ್ಲ. ಅಂಥವರು ಗೊತ್ತುಪಡಿಸಿದ ನಮೂನೆಯಲ್ಲಿ ತಮ್ಮ ಶಾಲೆಯ ಅಥವಾ ಕಾಲೇಜಿನ ಮುಖ್ಯಸ್ಥರಿಂದ ಗುರುತಿನ ಪತ್ರ ತರಬೇಕು. ಪಿ.ಯು. ತರಗತಿಯ ಮಕ್ಕಳಿರುವ ಮನೆಯವರು ಇದನ್ನು ಮರೆಯುವುದೇ ಹೆಚ್ಚು.

ಇನ್ನು ಅವ್ವನ ವಯಸ್ಸು. ಕೊಯ್ನಾ ಭೂಕಂಪವಾದಾಗ ತನಗೆ ಹನ್ನೊಂದು ತುಂಬಿತ್ತೆಂದು ಆಕೆ ಮೊದಲಿನಿಂದ ಹೇಳುತ್ತ ಬಂದಿದ್ದಾಳೆ. ಆ ಭೂಕಂಪ 1967 ರ ಡಿಸೆಂಬರಿನದು. ಆ ಲೆಕ್ಕದಲ್ಲಿ 2022 ಕ್ಕೆ ಅವ್ವನಿಗೆ ಅರವತ್ತಾರು. ಆದರೆ ಆಧಾರ ಚೀಟಿ ಮಾಡಿಸುವಾಗ ಬರೆದುಕೊಳ್ಳುವವನು ಕೇಳಿದ್ದಾನೆ, ಈಕೆ ನಕ್ಕಿದ್ದಾಳೆ, ಅವನು ಮೋರೆ ನೋಡಿ 1960 ರ ಜೂನ್ ಒಂದು ಎಂದು ಬರೆದುಕೊಂಡಿದ್ದಾನೆ. ನಮ್ಮ ಸೀಮೆಯಲ್ಲಿ ಒಂದು ಕಾಲದ ಮಕ್ಕಳೆಲ್ಲ ಜೂನ್ ಒಂದರಂದೇ ಹುಟ್ಟಿದವರು. ಶಾಲೆಯ ಮಾಸ್ತರರ ಕೃಪೆ. ಶಾಲೆಯ ಮೆಟ್ಟಿಲು ಹತ್ತದ ಅವ್ವನಿಗೂ ಅದೇ ಜನ್ಮದಿನ ಒಲಿದು ಬಂದಿತ್ತು.

ಮತದಾರರ ಚೀಟಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ನಮ್ಮ ಮನೆ ಹೋಗಿ ನವನಗರಕ್ಕೆ ಸಾಮಾನು ಸಾಗಿಸುವಾಗ ಯಾವ ಟ್ರಂಕಿನಲ್ಲಿ ಹೋಯಿತೋ, ಮತ್ತೆ ಸಿಕ್ಕಲಿಲ್ಲ. ಕೂಡಿ ಹೋಗುವ ಕುಟುಂಬದಲ್ಲಿ ಒಬ್ಬ ವಯಸ್ಕರ ಬಳಿ ಸರಿಯಾದ ಚೀಟಿ ಇದ್ದರೆ, ತಂದೆತಾಯಿಗಳಿಗೂ ಮಕ್ಕಳಿಗೂ ಫೋಟೋ ಇರುವ ಬೇರೆ ಗುರುತು ಮತ್ತು ಸಂಬಂಧದ ದಾಖಲೆ ಸಾಕೆಂಬ ರಿಯಾಯಿತಿಯೂ ಉಂಟು. ಅದನ್ನೂ ಕೇಳಿನೋಡಿದೆ. ಆದರೆ ನನ್ನ ಪಡಿತರ ಚೀಟಿಯಲ್ಲಿ ಅವ್ವನ ಹೆಸರಿಲ್ಲ. ಆಕೆಯ ಹೆಸರು ಅಣ್ಣನ ಮನೆಯ ಚೀಟಿಯಲ್ಲಿದೆ. ನನ್ನ ಮತದಾರ ಚೀಟಿಯಲ್ಲಿ ತಂದೆಯ ಹೆಸರು ಪೂರ್ತಿಯಾಗಿದೆ. ಅವ್ವನ ಆಧಾರದಲ್ಲಿ ಅದೇ ಹೆಸರು ಅರ್ಧಕ್ಕೆ ನಿಂತಿದೆ. ಹೆತ್ತ ತಾಯಿ ಬಗಲಲ್ಲಿ ನಿಂತಿರುವಾಗ ಆಕೆ ನನ್ನ ತಾಯಿ ಎಂಬುದಕ್ಕೆ ನನ್ನಲ್ಲಿ ಕಾಗದವಿರಲಿಲ್ಲ.

ಆ ತರುಣಿಯ ಮೇಲೆ ಸಿಟ್ಟು ಮಾಡಿ ಫಲವಿಲ್ಲ, ತಪ್ಪು ನನ್ನದು. “ನೀವಿಬ್ಬರು ಹೋಗಿ ಬರ್ರಿ, ನಾ ಇಲ್ಲೇ ಕುಂತಿರ್ತೀನಿ” ಎಂದಳು ಅವ್ವ; ನೇಪಾಳವೆಂದರೆ ಸಂಜೆಯೊಳಗೆ ಹೋಗಿ ಬರುವ ಊರೆಂದು ಆಕೆ ತಿಳಿದಿದ್ದಳೋ, ನಮಗೆ ಬೇಸರವಾಗದಿರಲೆಂದು ಹಾಗೆ ಹೇಳಿದಳೋ, ನಾನು ಈವರೆಗೆ ಕೇಳಿಲ್ಲ. ಮೂವರೂ ಮರಳಿದೆವು. ಟಿಕೆಟ್ಟಿನ ಹಣ ಹೋಯಿತು. ಹಣದ ಮಾತು ದೊಡ್ಡದಲ್ಲ. ಮರಳುವ ರೈಲಿನಲ್ಲಿ ಎರಡು ದಿನ ಆಕೆ ಆ ಹೊಸ ಸೀರೆಯನ್ನು ಬದಲಿಸಿ, ಘಳಿಗೆ ಮಾಡಿ, ಚೀಲದ ತಳಕ್ಕೆ ಇಟ್ಟುದನ್ನು ನೋಡಿದ್ದೇನೆ.

ಮೊದಲು ಕಾಗದ, ಆಮೇಲೆ ಟಿಕೆಟ್ಟು

ಆದ್ದರಿಂದ ವಾಚಕರೇ, ಟಿಕೆಟ್ಟು ತೆಗೆಸುವ ಮುನ್ನ ಮನೆಯ ಎಲ್ಲರ ಚೀಟಿಗಳನ್ನೂ ಒಂದು ಚಾಪೆಯ ಮೇಲೆ ಹರವಿಕೊಂಡು ಕುಳಿತುಕೊಳ್ಳಿರಿ. ಹೆಸರು, ತಂದೆಯ ಅಥವಾ ಗಂಡನ ಹೆಸರು, ಹುಟ್ಟಿದ ದಿನ, ಈ ಮೂರನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿರಿ. ಗಂಡಸರ ಚೀಟಿಗಳು ಬಹುಮಟ್ಟಿಗೆ ಸರಿಯಾಗಿರುತ್ತವೆ. ನೌಕರಿಗಾಗಿ ಹತ್ತು ಸಲ ತಿದ್ದಿಸಿಕೊಂಡಿರುತ್ತಾರೆ. ತೊಡಕಿರುವುದು ಹೆಂಗಸರ ಹೆಸರಿನಲ್ಲಿ. ಅವ್ವನ ಹೆಸರಿನ ತುದಿಗೆ ಒಂದು ಚೀಟಿಯಲ್ಲಿ ‘ವ್ವ’ ಇತ್ತು, ಇನ್ನೊಂದರಲ್ಲಿ ‘ಮ್ಮ’, ಬ್ಯಾಂಕಿನ ಪುಸ್ತಕದಲ್ಲಿ ‘ಬಾಯಿ’. ಮೂವರು ಹೆಂಗಸರು ಒಂದೇ ಮನೆಯಲ್ಲಿ ವಾಸಿಸಿದಂತೆ! ಇವನ್ನೆಲ್ಲ ಒಂದು ದಾರಿಗೆ ತರಲು ನನಗೆ ಐದು ತಿಂಗಳು ಹಿಡಿಯಿತು. ಬಳಿಕ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಆಕೆಯನ್ನು ಕರೆದೊಯ್ದೆ. ಸಾಮಾನ್ಯ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ. ಬೆರಳಚ್ಚು, ಫೋಟೋ ಎಲ್ಲ ಅಲ್ಲಿಯೇ. ಆಮೇಲೆ ಮನೆಯ ವಿಳಾಸಕ್ಕೆ ಪೊಲೀಸರ ವಿಚಾರಣೆ. ಪೊಲೀಸರು ತನ್ನನ್ನು ಕೇಳಿಕೊಂಡು ಮನೆಗೆ ಬರುತ್ತಾರೆಂದು ತಿಳಿದ ದಿನದಿಂದ ಅವ್ವ ಬಾಗಿಲ ಮುಂದಿನ ರಂಗೋಲಿಯನ್ನು ಸ್ವಲ್ಪ ದೊಡ್ಡದಾಗಿಯೇ ಹಾಕತೊಡಗಿದಳು.

ನೇಪಾಳಕ್ಕೆ ಪಾಸ್‌ಪೋರ್ಟು ಕಡ್ಡಾಯವಲ್ಲದಿದ್ದರೂ ಮಾಡಿಸಿಕೊಳ್ಳುವುದೇ ಲೇಸೆಂದು ನನ್ನ ಅಭಿಪ್ರಾಯ. ಅದರಲ್ಲಿ ತಂದೆ, ತಾಯಿ, ಗಂಡ ಅಥವಾ ಹೆಂಡತಿ ಎಲ್ಲರ ಹೆಸರೂ ಇರುತ್ತದೆ. ಸಂಬಂಧದ ಪ್ರಶ್ನೆಯೇ ಏಳುವುದಿಲ್ಲ. ಗಡಿಯನ್ನು ನಡೆದು ದಾಟುವವರಿಗೂ ಈ ಮಾತು ಅನ್ವಯಿಸುತ್ತದೆ. ಹೋಗುವಾಗ ಯಾರೂ ಕೇಳದಿದ್ದರೂ ಕಠ್ಮಂಡುವಿನ ವಸತಿಗೃಹದಲ್ಲಿ ಕೇಳುತ್ತಾರೆ. ಕಾಯಿಲೆಯೋ ಅವಸರವೋ ಬಂದು ವಿಮಾನದಲ್ಲಿ ಮರಳಬೇಕಾದರೆ ಖಂಡಿತ ಕೇಳುತ್ತಾರೆ. ಅಲ್ಲಿ ಚೀಟಿ ಕಳೆದುಹೋದರೆ ಕಠ್ಮಂಡುವಿನ ಲೈಂಚೌರಿನಲ್ಲಿರುವ ಭಾರತದ ರಾಯಭಾರ ಕಚೇರಿಗೆ ಹೋಗಬೇಕು; ಮರಳಿ ಬರುವ ಒಂದು ಪ್ರಯಾಣಕ್ಕೆ ಅವರು ಪತ್ರ ಕೊಡುತ್ತಾರೆ. ಪ್ರತಿಯೊಂದು ಚೀಟಿಯ ನಕಲನ್ನು ಬೇರೆ ಚೀಲದಲ್ಲಿ ಇಟ್ಟುಕೊಂಡಿದ್ದರೆ ಅಲ್ಲಿ ಅರ್ಧ ಕೆಲಸ ಹಗುರ.

ಯಾವಾಗ ಹೋಗಬೇಕು?

ನಮ್ಮ ದಸರಾ ರಜೆಯಲ್ಲಿ ಬೇಡ. ಇದು ವಿಚಿತ್ರವೆನ್ನಿಸಬಹುದು, ಆಕಾಶ ನಿರ್ಮಲವಾಗಿ ಹಿಮಶಿಖರಗಳು ಚೆನ್ನಾಗಿ ಕಾಣುವುದು ಅಕ್ಟೋಬರಿನಲ್ಲಿಯೇ. ಆದರೆ ನಮ್ಮ ದಸರೆ ಅವರ ‘ದಶೈಂ’. ಅವರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ರಾಜಧಾನಿಯಲ್ಲಿ ಕೆಲಸ ಮಾಡುವವರೆಲ್ಲ ತಮ್ಮ ಹಳ್ಳಿಗಳಿಗೆ ಹೊರಡುತ್ತಾರೆ. ಬಸ್ಸು ವಿಮಾನಗಳಲ್ಲಿ ಜಾಗವಿರುವುದಿಲ್ಲ, ಕಚೇರಿಗಳು ಮುಚ್ಚಿರುತ್ತವೆ, ಅನೇಕ ಅಂಗಡಿ ಊಟದ ಮನೆಗಳ ಬಾಗಿಲೂ ಹಾಕಿರುತ್ತದೆ. ಅಷ್ಟಮಿ ನವಮಿಗಳಲ್ಲಿ ದೇವಿಯ ಗುಡಿಗಳ ಮುಂದೆ ಪ್ರಾಣಿಬಲಿ ನಡೆಯುತ್ತದೆ. ಮಕ್ಕಳನ್ನೂ ಮೃದು ಮನಸ್ಸಿನ ಹಿರಿಯರನ್ನೂ ಕರೆದೊಯ್ಯುವವರು ಯೋಚಿಸಬೇಕು. ದೆಹಲಿಯಲ್ಲಿ ನಮ್ಮನ್ನು ತಡೆದ ವರ್ಷ ನಾನು ಈ ಎರಡನೆಯ ತಪ್ಪನ್ನೂ ಮಾಡುವವನಿದ್ದೆ. ದಶೈಂ ಕಳೆದ ಮೇಲಿನ ನವೆಂಬರ್, ಇಲ್ಲವೇ ಮಾರ್ಚ್‌–ಏಪ್ರಿಲ್ ಒಳ್ಳೆಯ ಕಾಲ.

ಮಳೆಗಾಲದಲ್ಲಂತೂ ಸರ್ವಥಾ ಕೂಡದು. ಕಠ್ಮಂಡುವಿಗೆ ಹೋಗುವ ಹೆದ್ದಾರಿಗಳು ಒಂದು ಮಗ್ಗುಲಲ್ಲಿ ಗುಡ್ಡ, ಒಂದು ಮಗ್ಗುಲಲ್ಲಿ ನದಿ ಇಟ್ಟುಕೊಂಡು ಸಾಗುತ್ತವೆ. 2024 ರ ಜುಲೈ 12 ರ ಬೆಳಗಿನ ಜಾವ ನಾರಾಯಣಗಢ–ಮುಗ್ಲಿಂಗ್ ದಾರಿಯಲ್ಲಿ ಗುಡ್ಡ ಜರಿದು, ಪ್ರಯಾಣಿಕರು ತುಂಬಿದ್ದ ಎರಡು ಬಸ್ಸುಗಳು ತ್ರಿಶೂಲಿ ನದಿಯ ಪಾಲಾದವು. ಅದೇ ವರ್ಷದ ಸೆಪ್ಟೆಂಬರಿನ ಕೊನೆಯಲ್ಲಿ ಬಂದ ಮಳೆ ರಾಜಧಾನಿಯನ್ನೇ ಮುಳುಗಿಸಿತು. ನಮ್ಮ ಕಡೆ ಶ್ರಾವಣದಲ್ಲಿ ಶಿವನ ಯಾತ್ರೆ ವಿಶೇಷವೆಂದು ಹೊರಡುವವರಿದ್ದಾರೆ. ಆ ಪುಣ್ಯವನ್ನು ಕೂಡಲಸಂಗಮದಲ್ಲಿ ಸಂಪಾದಿಸಬಹುದು.

ಕಾಲ ನೋಡಿ ಹೋದರೂ ಕಾಲ ಕೆಡುವುದುಂಟು. 2025 ರ ಸೆಪ್ಟೆಂಬರ್ 8 ಮತ್ತು 9 ರಂದು ಕಠ್ಮಂಡುವಿನಲ್ಲಿ ತರುಣರ ಪ್ರತಿಭಟನೆ ಭುಗಿಲೆದ್ದು, ಪ್ರಧಾನಿ ರಾಜೀನಾಮೆ ಕೊಟ್ಟು, ವಿಮಾನ ನಿಲ್ದಾಣವೇ ಮುಚ್ಚಿತು. ಕರ್ನಾಟಕದ ಪ್ರವಾಸಿಗರೂ ಅಲ್ಲಿ ಸಿಲುಕಿಕೊಂಡರು. ಆದ್ದರಿಂದ ಮರಳುವ ದಿನದ ಮರುದಿನವೇ ಕೆಲಸಕ್ಕೆ ಹಾಜರಾಗುತ್ತೇನೆಂದು ಬರೆದುಕೊಟ್ಟು ಹೋಗಬೇಡಿರಿ. ಎರಡು ದಿನ ಕೈಯಲ್ಲಿಟ್ಟುಕೊಳ್ಳಿರಿ, ನಾಲ್ಕು ದಿನದ ಔಷಧ ಹೆಚ್ಚಾಗಿ ಇಟ್ಟುಕೊಳ್ಳಿರಿ, ಪ್ರವಾಸ ವಿಮೆ ಮಾಡಿಸಿರಿ, ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆಯನ್ನು ಒಂದು ಕಾಗದದ ಮೇಲೆ ಬರೆದು ಹಿರಿಯರ ಕೈಯಲ್ಲಿಯೂ ಕೊಡಿರಿ. ಮೊಬೈಲಿನಲ್ಲಿದೆ ಎಂದರೆ, ಮೊಬೈಲು ಸತ್ತಾಗ ಇಲ್ಲ ಎಂದರ್ಥ.

ಬುತ್ತಿ ಮತ್ತು ದುಡ್ಡು

2024 ರ ಏಪ್ರಿಲಿನಲ್ಲಿ ನಾವು ಮತ್ತೆ ಹೊರಟೆವು. ಅವ್ವ ಹದಿನೈದು ದಿನ ಮುಂಚಿತವಾಗಿ ಕಡಕ್ ರೊಟ್ಟಿ ಬಡಿದು ಒಣಗಿಸಿ ಅರಿವೆಯಲ್ಲಿ ಕಟ್ಟಿದಳು; ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಪುಟಾಣಿ ಚಟ್ನಿ. ಇವೆಲ್ಲ ಸರಿಯೇ. ಪುಡಿಗಳನ್ನು ಕೈಚೀಲದಲ್ಲಿ ಇಡದೆ ಸಾಮಾನಿನಲ್ಲಿ ಕಳಿಸಿದರೆ ತಪಾಸಣೆಯಲ್ಲಿ ಕೇಳುವವರ ಕಾಟ ತಪ್ಪುತ್ತದೆ. ಆದರೆ ಪಶುಪತಿನಾಥನ ಪೂಜೆಗೆಂದು ಆಕೆ ಯಾರಿಗೂ ಹೇಳದೆ ಐದು ಇಡಿಯ ಒಣಕೊಬ್ಬರಿಗಳನ್ನು ಸೀರೆಗಳ ನಡುವೆ ಇಟ್ಟಿದ್ದಳು. ಎಣ್ಣೆಯಂಶ ಹೆಚ್ಚಿ ಬೇಗ ಹೊತ್ತಿಕೊಳ್ಳುವ ಪದಾರ್ಥವೆಂದು ಒಣಕೊಬ್ಬರಿಯನ್ನು ವಿಮಾನದಲ್ಲಿ ಒಯ್ಯಗೊಡುವುದಿಲ್ಲ. ಚೀಲವನ್ನು ಪಕ್ಕಕ್ಕಿಟ್ಟು ನಮ್ಮನ್ನು ಕರೆದಾಗ, ಈ ಸಲವೂ ಆಯಿತೆಂದು ನನ್ನ ಎದೆ ಹಾರಿತು. ಕೊಬ್ಬರಿ ಅಲ್ಲಿಯೇ ಉಳಿಯಿತು, ನಾವು ಮುಂದೆ ಹೋದೆವು. ಹಿರಿಯರ ಚೀಲವನ್ನು ಅವರೊಡನೆ ಕೂಡಿಯೇ ಕಟ್ಟಿರಿ. ಮುಚ್ಚಿದ ಚೀಲದಲ್ಲಿ ಏನಿದೆಯೆಂದು ದೇವರಿಗೂ ಗೊತ್ತಿರುವುದಿಲ್ಲ.

ಶಾಕಾಹಾರಿಗಳಿಗೆ ಒಂದು ಎಚ್ಚರಿಕೆಯ ಮಾತು. ನಮ್ಮ ಕಡುಬಿನಂತೆ ಕಾಣುವ ‘ಮೊಮೊ’ ಅಲ್ಲಿ ಬೀದಿಬೀದಿಯಲ್ಲಿ ಬೇಯುತ್ತಿರುತ್ತದೆ. ಅದರ ಹೂರಣ ಬಹಳ ಕಡೆ ಎಮ್ಮೆ ಕೋಣಗಳ ಮಾಂಸ. ‘ಬಫ್’ ಎಂದು ಬರೆದಿದ್ದರೆ ಅದೇ ಅರ್ಥ. ‘ಶಾಕಾಹಾರಿ’ ಎಂಬ ಶಬ್ದ ಅವರಿಗೂ ಅದೇ ಶಬ್ದ, ಕೇಳಿ ತಿನ್ನಿರಿ. ಅನ್ನ, ಬೇಳೆಯ ಸಾರು, ಸೊಪ್ಪಿನ ಪಲ್ಯ, ಉಪ್ಪಿನಕಾಯಿ ಕೂಡಿದ ‘ದಾಲ್‌ ಭಾತ್’ ಎಲ್ಲೆಲ್ಲಿಯೂ ಸಿಕ್ಕುತ್ತದೆ. ಮತ್ತೆ ಮತ್ತೆ ಬಡಿಸುತ್ತಾರೆ. ರೊಟ್ಟಿಯಿಲ್ಲದ ಊಟ ಊಟವಲ್ಲ ಎನ್ನುವ ನಮ್ಮ ಸೀಮೆಯವರು ಮೂರನೆಯ ದಿನದ ಹೊತ್ತಿಗೆ ಬುತ್ತಿಯ ಗಂಟನ್ನು ಬಿಚ್ಚುತ್ತಾರೆ.

ದುಡ್ಡಿನ ವಿಷಯ ಸ್ವಲ್ಪ ಸೂಕ್ಷ್ಮ. ಅಲ್ಲಿಯೂ ರೂಪಾಯಿಯೇ, ಆದರೆ ಬೇರೆ ರೂಪಾಯಿ. ನಮ್ಮ ನೂರಕ್ಕೆ ಅವರ ನೂರರವತ್ತು. 1993 ರಿಂದ ಈ ದರ ಕದಲಿಲ್ಲ. ಅಂಗಡಿಯವನು “ಎಂಟುನೂರು” ಎಂದರೆ ಯಾವ ಎಂಟುನೂರು ಎಂದು ಕೇಳಬೇಕು. ಭಾರತದ್ದಕ್ಕೆ ಅವರು ‘ಐ.ಸಿ.’ ಎನ್ನುತ್ತಾರೆ, ತಮ್ಮದಕ್ಕೆ ‘ಎನ್.ಸಿ.’. ನಾನು ಮೊದಲ ದಿನವೇ ಒಂದು ಶಾಲಿಗೆ ನಮ್ಮ ಎಂಟುನೂರು ಎಣಿಸಿಕೊಟ್ಟು ಹೆಮ್ಮೆಯಿಂದ ಹೊರಬಿದ್ದೆ, ಕೊಡಬೇಕಾದದ್ದು ಐನೂರು. ಅವನು ಕೇಳಲಿಲ್ಲ, ನಾನೂ ಕೇಳಲಿಲ್ಲ. 2018 ರ ಡಿಸೆಂಬರಿನಲ್ಲಿ ನೇಪಾಳ ಸರಕಾರ ನೂರಕ್ಕೆ ಮೇಲ್ಪಟ್ಟ ಭಾರತೀಯ ನೋಟುಗಳನ್ನು ನಿಷೇಧಿಸಿದ್ದುಂಟು. ಈ ಕಟ್ಟಳೆ ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ಮೊದಲು ವಿಚಾರಿಸಿರಿ. ಏನೇ ಬದಲಾದರೂ ನೂರರ ನೋಟಿನ ಕಟ್ಟು ಯಾರನ್ನೂ ಕೆಡಿಸುವುದಿಲ್ಲ. 2024 ರ ಮಾರ್ಚಿನಿಂದ ನಮ್ಮ ಯು.ಪಿ.ಐ. ಅಲ್ಲಿಯ ಅಂಗಡಿಗಳಲ್ಲಿಯೂ ನಡೆಯತೊಡಗಿದೆ. ಪಟ್ಟಣದಲ್ಲಿ ಅದು ಅನುಕೂಲವೇ. ಬೆಟ್ಟದ ದಾರಿಯಲ್ಲಿ ಸಂಪರ್ಕ ಸಿಕ್ಕದಾಗ ನಗದು ಹಣವೇ ಗತಿ.

ಕೈಗಡಿಯಾರವನ್ನು ಹದಿನೈದು ನಿಮಿಷ ಮುಂದಿಡಿರಿ. ಶನಿವಾರ ಅಲ್ಲಿ ರಜೆ. ಬ್ಯಾಂಕು ಕಚೇರಿಗಳ ಕೆಲಸವನ್ನು ಆ ದಿನಕ್ಕೆ ಇಟ್ಟುಕೊಳ್ಳಬೇಡಿರಿ. ಅವರ ವಿಕ್ರಮ ಸಂವತ್ಸರ ನಮ್ಮ ಇಸವಿಗಿಂತ ಸುಮಾರು ಐವತ್ತೇಳು ವರ್ಷ ಮುಂದಿರುವುದರಿಂದ ಔಷಧದ ಡಬ್ಬಿಯ ಮೇಲೆಯೋ ರಸೀದಿಯ ಮೇಲೆಯೋ ಎರಡು ಸಾವಿರದ ಎಂಬತ್ತರ ಲೆಕ್ಕ ಕಂಡರೆ ಗಾಬರಿಯಾಗಬೇಕಿಲ್ಲ.

ಎತ್ತರದ ಮಾತು

ನೇಪಾಳಕ್ಕೆ ಹೋಗುವ ನಮ್ಮವರಲ್ಲಿ ಅನೇಕರು ಮುಕ್ತಿನಾಥಕ್ಕೂ ಹೋಗುತ್ತಾರೆ. ಪೋಖರದಿಂದ ಜೋಮ್‌ಸೋಮ್, ಅಲ್ಲಿಂದ ಮುಕ್ತಿನಾಥ. ನೂರೆಂಟು ಧಾರೆಗಳು, ಕಾಳಿಗಂಡಕಿಯ ಸಾಲಿಗ್ರಾಮ, ಎಲ್ಲ ನಿಜ. ಆದರೆ ಲೆಕ್ಕ ಹಾಕಿ ನೋಡಿರಿ. ನಮ್ಮ ಬಾಗಲಕೋಟೆ ಸಮುದ್ರಮಟ್ಟದಿಂದ ಐನೂರು ಮೀಟರಿಗೆ ಸ್ವಲ್ಪ ಮೇಲಿದೆ. ಪೋಖರ ಎಂಟುನೂರರ ಸುಮಾರು. ಜೋಮ್‌ಸೋಮ್ ಎರಡು ಸಾವಿರದ ಏಳುನೂರು. ಮುಕ್ತಿನಾಥ ಮೂರು ಸಾವಿರದ ಏಳುನೂರಕ್ಕೂ ಮೇಲೆ. ಎರಡೂವರೆ ಸಾವಿರ ದಾಟಿದರೆ ಗಾಳಿಯಲ್ಲಿಯ ಪ್ರಾಣವಾಯು ದೇಹಕ್ಕೆ ಸಾಲದಾಗತೊಡಗುತ್ತದೆ. ಪೋಖರದಲ್ಲಿ ಬೆಳಗ್ಗೆ ಚಹಾ ಕುಡಿದು, ಇಪ್ಪತ್ತು ನಿಮಿಷ ವಿಮಾನದಲ್ಲಿ ಹಾರಿ, ಜೀಪು ಹತ್ತಿ, ಅದೇ ಮಧ್ಯಾಹ್ನ ಮುಕ್ತಿನಾಥದ ಮೆಟ್ಟಿಲಿನಲ್ಲಿ ನಿಂತರೆ ದೇಹಕ್ಕೆ ಹೊಂದಿಕೊಳ್ಳಲು ಸಮಯವೆಲ್ಲಿ? ತಲೆನೋವು, ವಾಕರಿಕೆ, ತಲೆಸುತ್ತು ಕಾಣಿಸಿಕೊಂಡರೆ ಅದನ್ನು ಪಿತ್ತವೆಂದು ತಿಳಿಯಬಾರದು. ಮೇಲಕ್ಕೆ ಹೋಗುವುದನ್ನು ನಿಲ್ಲಿಸಬೇಕು. ಹೆಚ್ಚಾದರೆ ತಡಮಾಡದೆ ಕೆಳಗಿಳಿಯಬೇಕು. ಇಳಿಯುವುದೇ ಮುಖ್ಯ ಚಿಕಿತ್ಸೆ. ದಾರಿಯಲ್ಲಿ ಒಂದು ರಾತ್ರಿಯಾದರೂ ತಂಗಿ ಏರುವುದು ಲೇಸು.

ರಕ್ತದೊತ್ತಡ, ಹೃದಯ, ಉಬ್ಬಸದ ತೊಂದರೆಯಿದ್ದವರು ತಮ್ಮ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ನಾವು ಕೇಳಿದೆವು. ಅವ್ವನಿಗೆ ಬೇಡವೆಂದರು. ಪೋಖರದ ಸರೋವರದ ದಂಡೆಯಲ್ಲಿ ಎರಡು ದಿನ ಕುಳಿತು ಮರಳಿದೆವು. ಅಲ್ಲಿ ಭೇಟಿಯಾದ ಗದಗಿನ ಕುಟುಂಬವೊಂದು ಮೇಲಿನಿಂದ ಇಳಿದು ಬಂದಿತ್ತು. ಅವರ ಮನೆಯ ಅಜ್ಜ ನೂರೆಂಟು ಧಾರೆಗಳ ಕೆಳಗೂ ತಲೆಯೊಡ್ಡಲೇಬೇಕೆಂದು ಹಟ ಹಿಡಿದು, ಹಿಮದ ನೀರಿನಲ್ಲಿ ಹತ್ತು ಧಾರೆ ದಾಟುವಷ್ಟರಲ್ಲಿ ನಡುಗಿ ಕುಸಿದರಂತೆ. ಧಾರೆಗಳಿಗೆ ಕೈಯೊಡ್ಡಿ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡರೆ ಸಾಲದೇ? ಜೋಮ್‌ಸೋಮಿನ ವಿಮಾನಗಳು ಬೆಳಗಿನ ಹೊತ್ತು ಮಾತ್ರ ಹಾರುತ್ತವೆ; ಹೊತ್ತೇರಿದಂತೆ ಆ ಕಣಿವೆಯಲ್ಲಿ ಗಾಳಿ ಬಿರುಸಾಗುತ್ತದೆ. ಮೋಡ ಕವಿದರೆ ಅದೂ ಇಲ್ಲ. ಇಲ್ಲಿಯೂ ಒಂದು ದಿನವನ್ನು ಕೈಯಲ್ಲಿಟ್ಟುಕೊಂಡೇ ಹೋಗಬೇಕು.

ಪಶುಪತಿಯ ಬಾಗಿಲಲ್ಲಿ

ಪಶುಪತಿನಾಥನ ಗುಡಿಗೆ ಬೆಳಿಗ್ಗೆ ಬೇಗ ಹೋಗಬೇಕು. ಚರ್ಮದ ಪಟ್ಟಿ, ಚರ್ಮದ ಕೈಚೀಲ ಒಳಗೆ ಕೂಡದು. ಒಳಾಂಗಣದಲ್ಲಿ ಫೋಟೋ ತೆಗೆಯಬಾರದು. ಬಾಗ್ಮತಿಯ ದಂಡೆಯಲ್ಲಿ ಗುಡಿಗೆ ಅಂಟಿಕೊಂಡೇ ಚಿತೆಗಳು ಉರಿಯುತ್ತಿರುತ್ತವೆ. ಎದುರು ದಂಡೆಯ ಮೆಟ್ಟಿಲಿನಲ್ಲಿ ನಿಂತು ಅದನ್ನು ಚಿತ್ರ ತೆಗೆಯುವ ಪ್ರವಾಸಿಗಳಲ್ಲಿ ನಮ್ಮವರೂ ಇದ್ದರೆಂಬುದು ನನಗೆ ಸಂಕಟದ ಸಂಗತಿ. ಅದು ಯಾರದೋ ಮನೆಯ ದುಃಖ.

ಗರ್ಭಗುಡಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಲಿಂಗಕ್ಕೆ ನಾಲ್ಕು ದಿಕ್ಕಿಗೂ ಮುಖ. ಭಕ್ತರು ಹೊರಗಿನಿಂದಲೇ ನೋಡಬೇಕು. ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ಭಟ್ಟರೆಂಬ ಅರ್ಚಕರಿಗೆ ಮಾತ್ರ. ಆ ಭಟ್ಟರು ದಕ್ಷಿಣ ಭಾರತದಿಂದ ಬಂದವರಾಗಿರಬೇಕೆಂಬುದು ಅಲ್ಲಿಯ ಹಳೆಯ ಸಂಪ್ರದಾಯ. ಇತ್ತೀಚಿನ ತಲೆಮಾರುಗಳಲ್ಲಿ ಅವರು ಬಹುಮಟ್ಟಿಗೆ ಕರ್ನಾಟಕದವರು. 2008 ರ ಕೊನೆಯಲ್ಲಿ ಅವರ ಬದಲು ನೇಪಾಳಿ ಅರ್ಚಕರನ್ನು ನೇಮಿಸಲು ಅಲ್ಲಿಯ ಸರಕಾರ ಹೊರಟಾಗ ಜನರೇ ಎದುರು ನಿಂತರು, ಸಂಪ್ರದಾಯ ಉಳಿಯಿತು.

ಕನ್ನಡ ನಾಡಿನ ನಂಟು ಇದಕ್ಕೂ ಹಳೆಯದು. 1097 ರಲ್ಲಿ ನಾನ್ಯದೇವನೆಂಬ ಅರಸು ಇಂದಿನ ನೇಪಾಳದ ತಪ್ಪಲಿನಲ್ಲಿರುವ ಸಿಮ್ರೌನ್‌ಗಢದಲ್ಲಿ ರಾಜ್ಯ ಕಟ್ಟಿದನು. ಅವನ ವಂಶಕ್ಕೆ ಕರ್ಣಾಟ ವಂಶವೆಂದೇ ಹೆಸರು. ಕಲ್ಯಾಣ ಚಾಲುಕ್ಯರ ಸೈನ್ಯಗಳು ಉತ್ತರಕ್ಕೆ ದಂಡೆತ್ತಿ ಹೋದಾಗ ಅವುಗಳೊಡನೆ ಹೋಗಿ ಅಲ್ಲಿಯೇ ನಿಂತವರ ಸಂತತಿ ಇವನೆಂದು ವಿದ್ವಾಂಸರ ಊಹೆ. ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಪಂಡಿತನೂ ಅವನೇ. 1324 ರ ಸುಮಾರಿಗೆ ತುಘಲಕನ ಸೈನ್ಯ ಆ ರಾಜಧಾನಿಯನ್ನು ಹಾಳುಗೆಡವಿದಾಗ ಕೊನೆಯ ಅರಸು ಹರಿಸಿಂಹದೇವ ಬೆಟ್ಟದ ಕಡೆಗೆ ಓಡಿದನು. ಮುಂದೆ ಕಠ್ಮಂಡು ಕಣಿವೆಯ ಮಲ್ಲ ಅರಸರು ತಮ್ಮನ್ನು ಆ ವಂಶದವರೆಂದು ಹೇಳಿಕೊಂಡರು. ಆ ಮಲ್ಲರು ಕಟ್ಟಿಸಿದ ಭಕ್ತಪುರದಲ್ಲಿ ಈಗಲೂ ಜಂಗಮ ಮಠವೆಂಬುದೊಂದಿದೆ. ಪಾಟನದ ಕೃಷ್ಣಮಂದಿರ 1637 ರದು. ಕಲ್ಲಿನ ಆ ಶಿಖರವನ್ನು ನೋಡಿದಾಗ ಪಟ್ಟದಕಲ್ಲಿನ ಉತ್ತರದ ಶೈಲಿಯ ಗುಡಿಗಳನ್ನು ಬಲ್ಲವನಿಗೆ ಬಂಧುವನ್ನು ಕಂಡಂತಾಗುತ್ತದೆ. 2015 ರ ಏಪ್ರಿಲ್ 25 ರ ಭೂಕಂಪದಲ್ಲಿ ಸುಮಾರು ಒಂಬತ್ತು ಸಾವಿರ ಜನರು ಸತ್ತರು. ಈ ಊರುಗಳ ಎಷ್ಟೋ ಗುಡಿಗಳು ನೆಲಕ್ಕುರುಳಿದವು. ಭಕ್ತಪುರದ ಐದು ಮಾಡಿನ ನ್ಯಾತಪೋಲ ಮಾತ್ರ 1702 ರಲ್ಲಿ ಕಟ್ಟಿದ್ದು ಹಾಗೆಯೇ ನಿಂತಿತು. ಇವುಗಳನ್ನು ನೋಡಲು ಪ್ರವೇಶ ಶುಲ್ಕವುಂಟು. ಭಾರತೀಯರಿಗೆ ಇತರ ವಿದೇಶೀಯರಿಗಿಂತ ಕಡಮೆ. ಅಲ್ಲಿಯೂ ಗುರುತಿನ ಚೀಟಿ ತೋರಿಸಬೇಕು.

ಅವ್ವ ಪಶುಪತಿನಾಥನ ಪಶ್ಚಿಮದ ಬಾಗಿಲ ಮುಂದೆ ನಿಂತದ್ದು ಬಹುಶಃ ಒಂದೂವರೆ ನಿಮಿಷ, ಹಿಂದೆ ನೂಕುನುಗ್ಗಲು. ಕೊರಳಲ್ಲಿಯ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಒಳಗೆ ನೋಡುತ್ತಿದ್ದಳು. ಹೊರಬಂದ ಮೇಲೆ, “ಅಲ್ಲಿ ಮುಟ್ಟಗೊಡಂಗಿಲ್ಲೇನಪಾ?” ಎಂದು ಕೇಳಿದಳು. ಇಲ್ಲವೆಂದೆ. “ಇರ್ಲಿ ಬಿಡು, ಇಲ್ಲಿ ಐತಲ್ಲ” ಎಂದು ಲಿಂಗವನ್ನು ಸೆರಗಿನೊಳಗೆ ಸೇರಿಸಿದಳು. ಉಟ್ಟಿದ್ದು ಅದೇ ಇಳಕಲ್ಲ ಸೀರೆ.

ಈಗ ನಮ್ಮ ಓಣಿಯಲ್ಲಿ ಯಾರು ನೇಪಾಳದ ಮಾತೆತ್ತಿದರೂ ಅವರನ್ನು ನನ್ನ ಬಳಿಗೆ ಕಳಿಸುವುದಿಲ್ಲ, ಅವ್ವನೇ ವಿಚಾರಿಸುತ್ತಾಳೆ. ಮೊನ್ನೆ ಎದುರುಮನೆಯ ಮುಖ್ಯೋಪಾಧ್ಯಾಯರ ಪತ್ನಿ ಬಂದಿದ್ದರು. ಅವರಿಗೆ ಗುಡಿಯ ವೈಭವ ಕೇಳುವ ಉತ್ಸಾಹ. ಅವ್ವ ಮಣೆ ಹಾಕಿ ಕೂಡಿಸಿ, ನೀರು ಕೊಟ್ಟು, ಎಲ್ಲಕ್ಕಿಂತ ಮೊದಲು ಕೇಳಿದಳು: “ಅದಿರ್ಲಿ, ನಿನ್ನ ಹೆಸರು ಎಲ್ಲಾ ಚೀಟಿಯೊಳಗೂ ಒಂದ ನಮೂನಿ ಐತೇನ್ ತಂಗಿ? ಹೋಗಿ ತೊಗೊಂಡು ಬಾ, ನನ್ನ ಮೊಮ್ಮಗ ಓದಿ ಹೇಳ್ತಾನ.”